ವೇವ್‌ಗೈಡ್ ಸ್ಲಾಟ್ ಅರೇಗೆ ಪೀಣ್ಯದ ಮಿಲ್ಲಿಂಗ್ ಜಾಬ್‌ವರ್ಕ್: ಮೂರು ವರ್ಷ ಬಳಸಿದ ಮೇಲೆ

ಅಂಕ: 5ಕ್ಕೆ 3.5

ಶಾಪಿನ ಹೆಸರು ಬೇಡ. ಪೀಣ್ಯದಲ್ಲಿ ಇಂಥ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರದ) ಶಾಪು ಬೀದಿಗೊಂದಿದೆ, ಇಲ್ಲಿನ ಮಾತು ಬಹುತೇಕ ಎಲ್ಲಕ್ಕೂ ಸಲ್ಲುತ್ತದೆ. ಕೆಲಸ ಇದು: ವೇವ್‌ಗೈಡ್, ಅಂದರೆ ಮೈಕ್ರೋವೇವ್ ಸಾಗಿಸುವ ಟೊಳ್ಳು ಲೋಹದ ಟ್ಯೂಬಿಗೆ ಸಾಲಾಗಿ ಸ್ಲಾಟು (ಸೀಳು) ಕೊರೆದು ಆಂಟೆನಾ ಮಾಡುವುದು. ಡಬ್ಲ್ಯುಆರ್-90 ಎಂಬ ಅಳತೆಯ ಅಲ್ಯೂಮಿನಿಯಂ ಟ್ಯೂಬು (ಒಳಗೆ 22.86 × 10.16 ಮಿ.ಮೀ., ಗೋಡೆ 1.27), ಅಗಲದ ಮುಖದಲ್ಲಿ ಉದ್ದುದ್ದಕ್ಕೆ 16 ಸ್ಲಾಟು, 9.375 ಗಿಗಾಹರ್ಟ್ಸ್, ಟೇಲರ್ ಹಂಚಿಕೆ (ನಡುವಿನ ಸ್ಲಾಟಿಗೆ ಹೆಚ್ಚು, ತುದಿಯವಕ್ಕೆ ಕಡಿಮೆ ಶಕ್ತಿ), ಸೈಡ್‌ಲೋಬ್ (ಮುಖ್ಯ ಬೀಮಿನ ಆಚೀಚೆ ಸೋರುವ ಸಣ್ಣ ಬೀಮು) ಗುರಿ −30 ಡಿಬಿ, ಅಂದರೆ ಮುಖ್ಯ ಬೀಮಿಗಿಂತ 30 ಡಿಬಿ ಕೆಳಗೆ.

ಸ್ಲಾಟಿನಿಂದ ಸ್ಲಾಟಿಗೆ ಅರ್ಧ ಗೈಡ್ ತರಂಗಾಂತರ (ಟ್ಯೂಬಿನೊಳಗಿನ ತರಂಗಾಂತರ), ಅಂದರೆ 22.37 ಮಿ.ಮೀ. ಒಂದೇ ಸೆಟಪ್ಪಿನಲ್ಲಿ ಕೊರೆದರೆ ಇದರಲ್ಲಿ ದೂರಿಲ್ಲ. ಸ್ಲಾಟಿನ ಉದ್ದವೂ ಸರಿಯಾಗೇ ಬರುತ್ತದೆ. ಆದರೆ ಎಂಡ್‌ಮಿಲ್ (ಕೊರೆಯುವ ತಿರುಗು ಹತಾರ) ಸ್ಲಾಟಿನ ತುದಿಯನ್ನು ದುಂಡಗೆ ಬಿಡುತ್ತದೆ. ಡಿಸೈನು ಚೌಕ ತುದಿಗೆ ಮಾಡಿದ್ದರೆ, 1.6 ಮಿ.ಮೀ. ಅಗಲದ ಸ್ಲಾಟಿಗೆ ಒಟ್ಟು ಉದ್ದ ಸುಮಾರು 0.3 ಹೆಚ್ಚಿಸಿ ಶುರು ಮಾಡಬೇಕು. ಸಿಮ್ಯುಲೇಶನ್ನಿನಲ್ಲೇ ದುಂಡು ತುದಿ, ಗೋಡೆಯ ದಪ್ಪ ಎರಡನ್ನೂ ಹಾಕಿಬಿಡುವುದು ಇನ್ನೂ ಒಳ್ಳೆಯದು.

ತಲೆನೋವೆಲ್ಲ ಆಫ್‌ಸೆಟ್ಟಿನದು. ಅಂದರೆ ಮುಖದ ಮಧ್ಯರೇಖೆಯಿಂದ ಸ್ಲಾಟು ಪಕ್ಕಕ್ಕೆ ಸರಿದಿರುವ ದೂರ; ಅದು ಹೆಚ್ಚಿದಷ್ಟೂ ಹೆಚ್ಚು ಶಕ್ತಿ ಸ್ಲಾಟಿನಿಂದ ಹೊರಬೀಳುತ್ತದೆ. ಈ ಅರೇಯಲ್ಲಿ ನಡುವಿನ ಸ್ಲಾಟಿಗೆ ಸುಮಾರು 2.3 ಮಿ.ಮೀ., ತುದಿಯದಕ್ಕೆ ಸುಮಾರು 0.7. ಅದೇ 0.05 ತಪ್ಪು ನಡುವಿನಲ್ಲಿ ಆಂಪ್ಲಿಟ್ಯೂಡನ್ನು (ಹೊರಬೀಳುವ ತರಂಗದ ಎತ್ತರವನ್ನು) 2% ಕದಲಿಸಿದರೆ ತುದಿಯಲ್ಲಿ 7% ಕದಲಿಸುತ್ತದೆ. ಡ್ರಾಯಿಂಗಿನಲ್ಲಿ ಎಲ್ಲಕ್ಕೂ ಒಂದೇ ಟಾಲರೆನ್ಸ್ (ಒಪ್ಪುವ ತಪ್ಪಿನ ಮಿತಿ) ಬರೆದರೆ ಆಪರೇಟರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ.

ಇದಕ್ಕಿಂತ ಕೆಟ್ಟದ್ದು ಡೇಟಮ್, ಅಂದರೆ ಅಳತೆ ಎಲ್ಲಿಂದ ಶುರು ಎಂಬ ಆಧಾರ. ಶಾಪಿನವರು ಎಡ್ಜ್ ಫೈಂಡರನ್ನು ಟ್ಯೂಬಿನ ಹೊರಮೈಗೆ ತಾಗಿಸಿ ಮಧ್ಯ ಹಿಡಿಯುತ್ತಾರೆ. ಎಕ್ಸ್‌ಟ್ರೂಡ್ ಟ್ಯೂಬಿನ ಎಡ ಗೋಡೆ 1.37, ಬಲ ಗೋಡೆ 1.17 ಇದ್ದರೆ ಒಳಗಿನ ಮಧ್ಯ 0.1 ಮಿ.ಮೀ. ಪಕ್ಕಕ್ಕಿರುತ್ತದೆ. ಸ್ಲಾಟುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಇರುವುದರಿಂದ ಬೆಸ ಸಂಖ್ಯೆಯವು ಹೆಚ್ಚು, ಸಮ ಸಂಖ್ಯೆಯವು ಕಡಿಮೆ ಶಕ್ತಿ ಬಿಡುತ್ತವೆ. ಈ ಏರಿಳಿತ ಪೂರ್ತಿ ಒಂದು ಗೈಡ್ ತರಂಗಾಂತರಕ್ಕೊಮ್ಮೆ ಮರುಕಳಿಸುತ್ತದೆ. ಫಲ: ಬ್ರಾಡ್‌ಸೈಡಿನಿಂದ (ಅರೇಗೆ ನೇರ ಲಂಬವಾದ ದಿಕ್ಕಿನಿಂದ) ಸುಮಾರು 45 ಡಿಗ್ರಿಯಲ್ಲಿ, ಎರಡೂ ಬದಿಗೆ, −28 ಡಿಬಿ ಆಸುಪಾಸಿನ ಒಂದೊಂದು ಲೋಬು. ಮುಖ್ಯ ಬೀಮಿನ ಪಕ್ಕದ ಲೋಬುಗಳೆಲ್ಲ ಚೆನ್ನಾಗಿದ್ದು ಅಷ್ಟು ದೂರದಲ್ಲಿ ಮಾತ್ರ ಕೋಡು ಮೂಡಿದ್ದರೆ ಸಾಫ್ಟ್‌ವೇರನ್ನು ಬೈಯುವ ಮೊದಲು ಗೋಡೆಯ ದಪ್ಪ ಅಳೆಯಿರಿ.

ಪರಿಹಾರ ಅಗ್ಗದ್ದೇ. ಟ್ಯೂಬಿನ ಎರಡೂ ತುದಿಯಲ್ಲಿ ಬಾಲ್ ಮೈಕ್ರೋಮೀಟರಿನಿಂದ ಗೋಡೆ ಅಳೆದು ಆರಿಸಿಕೊಳ್ಳಿ. ಒಳಗೆ ಬಿಗಿಯಾಗಿ ಜಾರುವ ಅಲ್ಯೂಮಿನಿಯಂ ಮ್ಯಾಂಡ್ರೆಲ್ (ಆಧಾರದ ಸರಳು) ಮಾಡಿಸಿ, ಅದರ ತುದಿ ಹೊರಚಾಚಿರಲಿ. ಡೇಟಮ್ ಅಲ್ಲಿಂದ ಹಿಡಿಯಲಿ. ಅದೇ ಮ್ಯಾಂಡ್ರೆಲ್ಲು ವೈಸ್ ಬಿಗಿದಾಗ ಅಗಲದ ಗೋಡೆ ಉಬ್ಬುವುದನ್ನು ತಡೆಯುತ್ತದೆ, ಒಳಗೆ ಬರ್ (ಕೊರೆದ ಅಂಚಿನಲ್ಲಿ ಉಳಿಯುವ ಲೋಹದ ಮುಳ್ಳು) ಏಳುವುದನ್ನೂ ತಗ್ಗಿಸುತ್ತದೆ. ಟ್ಯೂಬಿನೊಳಗಿನ ಬರ್ ಕಣ್ಣಿಗೆ ಕಾಣುವುದಿಲ್ಲ, ಡೀಬರ್ ಮಾಡುವವರ ಕೈಗೂ ಎಟುಕುವುದಿಲ್ಲ.

"ವೈರ್‌ಕಟ್ ಮಾಡಿಬಿಡೋಣ ಸಾರ್" ಅಂತ ಯಾರಾದರೂ ಹೇಳೇ ಹೇಳುತ್ತಾರೆ, ಅಂದರೆ ಕಿಡಿ ಹಾರಿಸುವ ತಂತಿಯಿಂದ ಲೋಹ ಕೊಯ್ಯುವುದು. ಟ್ಯೂಬಿನಲ್ಲಿ ತಂತಿ ಎರಡೂ ಗೋಡೆಯನ್ನು ಕೊಯ್ಯುತ್ತದೆ. ಅದು ಚಪ್ಪಟೆ ಮುಚ್ಚಳದ ತಗಡಿಗೆ ಮಾತ್ರ ಸರಿ. ಆದರೆ ಟ್ಯೂಬಿನ ಬದಲು ಮೂರು ಗೋಡೆಯ ಚಾನೆಲ್ಲಿನ ಮೇಲೆ ಮುಚ್ಚಳ ಕೂರಿಸಿದರೆ ಪಕ್ಕದ ಗೋಡೆಯ ವಿದ್ಯುತ್ತು ಆ ಸಂದನ್ನೇ ದಾಟಬೇಕು. ಬ್ರೇಜಿಂಗ್ ಇಲ್ಲದೆ ದೂರದೂರ ಸ್ಕ್ರೂ ಹಾಕಿದರೆ ಸೋರುತ್ತದೆ.

ಫಿನಿಶಿಂಗ್ ವಿಚಾರದಲ್ಲಿ ಅರ್ಧ ಅಂಕ ಕಳೆದಿದ್ದೇನೆ. ಸ್ಪಷ್ಟವಾಗಿ ಬೇಡ ಅನ್ನದಿದ್ದರೆ ಆನೊಡೈಸ್ (ಮೇಲ್ಮೈಗೆ ಆಕ್ಸೈಡ್ ಪದರ) ಮಾಡಿಸಿ ಕೊಡುತ್ತಾರೆ. ಆ ಪದರ ವಿದ್ಯುತ್ತು ಹರಿಯಗೊಡದು, ಫ್ಲ್ಯಾಂಜಿನ (ಟ್ಯೂಬನ್ನು ಇನ್ನೊಂದಕ್ಕೆ ಜೋಡಿಸುವ ತುದಿಯ ತಟ್ಟೆಯ) ಸಂಪರ್ಕ ಕೆಡುತ್ತದೆ. ಕ್ರೋಮೇಟ್ ಕನ್ವರ್ಶನ್ (ವಿದ್ಯುತ್ತು ಹರಿಯಗೊಡುವ ತೆಳು ಲೇಪ) ಎಂದು ಡ್ರಾಯಿಂಗಿನಲ್ಲೇ ಬರೆಯಿರಿ.

ಶಾಪಿನ ಮೇಲೆ ಹೊರಿಸಬಾರದ್ದೂ ಒಂದಿದೆ. ಸ್ಲಾಟುಗಳ ಪರಸ್ಪರ ಕಪ್ಲಿಂಗ್ (ಒಂದು ಇನ್ನೊಂದರ ಮೇಲೆ ಬೀರುವ ಪ್ರಭಾವ) ಬಿಟ್ಟು ಒಂಟಿ ಸ್ಲಾಟಿನ ಸೂತ್ರದಲ್ಲೇ ಆಫ್‌ಸೆಟ್ ತೆಗೆದರೆ ಎಷ್ಟು ನಿಖರವಾಗಿ ಕೊರೆದರೂ −30 ಸಿಗದು. ಅದನ್ನು ಲೆಕ್ಕಕ್ಕೆ ಹಿಡಿಯುವ ಎಲಿಯಟ್ ವಿಧಾನದಲ್ಲಿ ಉದ್ದ, ಆಫ್‌ಸೆಟ್ ಎರಡನ್ನೂ ಸುತ್ತುಸುತ್ತಾಗಿ ತಿದ್ದಬೇಕು. ಡಿಸೈನನ್ನು −35ಕ್ಕೆ ಇಡಿ, ಉಳಿದ 5 ಡಿಬಿ ಮಿಲ್ಲಿಂಗಿಗೆ.

ಸೆಟಪ್ ಚಾರ್ಜು ಒಂದು ಪೀಸಿಗೂ ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ. ನಾಲ್ಕು ಹಾಕಿಸಿ. ಟ್ಯೂಬಿನ ಕೊನೆ ಮುಚ್ಚುವ ಶಾರ್ಟಿಂಗ್ ಪ್ಲೇಟನ್ನು ಮಾತ್ರ ಬೆಸುಗೆ ಹಾಕಿಸಬೇಡಿ: ಕೊನೆಯ ಸ್ಲಾಟಿನ ನಡುವಿನಿಂದ 11.19 ಮಿ.ಮೀ. ಎಂಬುದು ಲೆಕ್ಕದ ಜಾಗ, ವಿಎನ್‌ಎ (ಆಂಟೆನಾದಿಂದ ಮರಳುವ ತರಂಗ ಅಳೆಯುವ ಉಪಕರಣ) ಮುಂದೆ ಅದು ತುಸು ಆಚೀಚೆ ಸರಿಯುವುದೇ ಹೆಚ್ಚು.