ಪುಕ್ಕಟೆ ಲಿಸ್ಟಿಂಗ್, ದುಡ್ಡಿನ ಜಾಹೀರಾತು, ಮ್ಯಾಪ್: ನಮ್ಮ ಇಳಕಲ್ ಸೀರೆಗೆ ಯಾವುದು ಒದಗಿತು?

ಫೋನಿನಲ್ಲಿ 'ಇಳಕಲ್ ಸೀರೆ' ಅಂತ ಹುಡುಕಿ ನೋಡಿ. ಮೇಲುಗಡೆ ಸಾಲಾಗಿ ಚೌಕಗಳು ಬರುತ್ತವೆ. ಪ್ರತಿ ಚೌಕದಲ್ಲೂ ಒಂದು ಫೋಟೊ, ಒಂದು ಬೆಲೆ, ಒಂದು ಅಂಗಡಿಯ ಹೆಸರು. ಅಷ್ಟೇ. ಕಳೆದ ವರ್ಷ ಆ ಸಾಲಿನಲ್ಲಿ ನಮ್ಮ ಸೀರೆ ಮೊದಲ ಸಲ ಬಂದಾಗ ನಾನೂ ಅತ್ತಿಗೆಯೂ ಫೋನ್ ಹಿಡಿದುಕೊಂಡು ತುಂಬ ಹೊತ್ತು ನೋಡಿದೆವು. ನಮ್ಮದು 4,200 ರೂಪಾಯಿ. ಪಕ್ಕದ ಚೌಕದಲ್ಲಿ ಅದೇ ಹಸಿರು ಒಡಲು, ಅದೇ ಕೆಂಪು ಸೆರಗು, 749 ರೂಪಾಯಿ. ಅದು ಪವರ್‌ಲೂಮ್‌ನದು, ನಮ್ಮದು ಕೈಮಗ್ಗದ್ದು. ಆದರೆ ಹೆಬ್ಬೆರಳಿನಷ್ಟು ಫೋಟೊದಲ್ಲಿ ಅದು ಯಾರಿಗೆ ಗೊತ್ತಾಗಬೇಕು?

ಅತ್ತಿಗೆಯ ತವರು ಇಳಕಲ್. ಅಲ್ಲಿ ಅವರ ಅಣ್ಣನ ಮನೆಯಲ್ಲಿ ಎರಡು ಮಗ್ಗ ಇವೆ. ಓಣಿಯ ಇನ್ನೂ ನಾಲ್ಕು ಮನೆಗಳಿಂದ ನಮಗೆ ಸೀರೆ ಬರುತ್ತದೆ. ನಾವು ಹುಬ್ಬಳ್ಳಿಯಲ್ಲಿ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡಿದ್ದೇವೆ, ಜೊತೆಗೆ ಒಂದು ಚಿಕ್ಕ ವೆಬ್‌ಸೈಟ್ ಇದೆ. ಒಂದು ಸಲಕ್ಕೆ 60 ಸೀರೆಗಿಂತ ಜಾಸ್ತಿ ನಮ್ಮ ಹತ್ತಿರ ಇರುವುದಿಲ್ಲ. ಇಂಥ ಚಿಕ್ಕ ವ್ಯಾಪಾರಕ್ಕೆ ಸರ್ಚ್ ಎಂಜಿನ್ನಿನ ಯಾವ ಸೌಲಭ್ಯ ನಿಜವಾಗಿ ಉಪಯೋಗಕ್ಕೆ ಬರುತ್ತದೆ ಅಂತ ತಿಳಿಯಲು ಒಂದು ವರ್ಷ ಒಂದೊಂದನ್ನೇ ಬಳಸಿ ನೋಡಿದೆವು. ಹಣ ಎಷ್ಟು ಹೋಯಿತು, ಯಾರು ಫೋನ್ ಮಾಡಿದರು, ಅವರು ಏನು ಕೇಳಿದರು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ಆ ನೋಟ್‌ಬುಕ್ ಮುಂದಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪುಕ್ಕಟೆ ಲಿಸ್ಟಿಂಗ್, ಅಂದರೆ ದುಡ್ಡು ಕೊಡದೆ ನಮ್ಮ ಸಾಮಾನನ್ನು ಆ ಚೌಕಗಳಲ್ಲಿ ತೋರಿಸುವುದು. ಗೂಗಲ್ 2002ರಲ್ಲಿ ಫ್ರೂಗಲ್ ಅನ್ನುವ ಹೆಸರಿನಲ್ಲಿ ಸಾಮಾನು ಹುಡುಕುವ ಸೇವೆ ಶುರು ಮಾಡಿದಾಗ ಅದರಲ್ಲಿ ಸಾಮಾನು ತೋರಿಸಲು ಅಂಗಡಿಯವರು ದುಡ್ಡು ಕೊಡಬೇಕಿರಲಿಲ್ಲ. 2012ರಲ್ಲಿ ಅಮೆರಿಕದಲ್ಲಿ ಅದನ್ನು ದುಡ್ಡು ಕೊಟ್ಟವರಿಗೆ ಮಾತ್ರ ಅಂತ ಮಾಡಿದರು. ಈಗ ಶಾಪಿಂಗ್ ಅನ್ನುವ ಆ ಪುಟ ನಮ್ಮ ದೇಶಕ್ಕೆ ಬಂದದ್ದು 2018ರ ಡಿಸೆಂಬರಿನಲ್ಲಿ. 2020ರಲ್ಲಿ ಕೊರೊನಾ ಬಂದು ಅಂಗಡಿಗಳು ಬಾಗಿಲು ಹಾಕಿದ್ದಾಗ ಅಮೆರಿಕದಲ್ಲಿ ಪುಕ್ಕಟೆ ಲಿಸ್ಟಿಂಗ್ ಮತ್ತೆ ಬಂತು. ಈಗ ಅಂಗಡಿಯವರಿಗಾಗಿ ಗೂಗಲ್ ಇಟ್ಟಿರುವ ಮರ್ಚೆಂಟ್ ಸೆಂಟರ್‌ನಲ್ಲಿ ಖಾತೆ ತೆಗೆದು ಸಾಮಾನಿನ ಪಟ್ಟಿ ಕೊಟ್ಟರೆ ಒಂದು ರೂಪಾಯಿ ಖರ್ಚಿಲ್ಲದೆ ಆ ಚೌಕಗಳಲ್ಲಿ ಜಾಗ ಸಿಗಬಹುದು.

ಆದರೆ ಕೆಲಸ ಇದೆ. ಪಟ್ಟಿಯಲ್ಲಿ ಹಾಕಿದ ಬೆಲೆಯೂ ಸೈಟಿನಲ್ಲಿರುವ ಬೆಲೆಯೂ ಒಂದೇ ಇರಬೇಕು. ಸೀರೆ ವಾಪಸ್ ತೆಗೆದುಕೊಳ್ಳುವ ನಿಯಮ, ಕಳಿಸುವ ಖರ್ಚು ಎರಡನ್ನೂ ಸ್ಪಷ್ಟವಾಗಿ ಬರೆದಿರಬೇಕು. ಫೋಟೊ ಮೇಲೆ ಅಂಗಡಿಯ ಹೆಸರು, 'ಆಫರ್' ಅನ್ನುವ ಅಕ್ಷರ ಏನೂ ಇರಬಾರದು. ನಾವು ಎಲ್ಲ ಫೋಟೊಗಳ ಮೂಲೆಯಲ್ಲೂ ಅಂಗಡಿಯ ಹೆಸರು ಹಾಕಿದ್ದೆವು, ಯಾರೂ ಕದಿಯದಿರಲಿ ಅಂತ. ಎಲ್ಲವನ್ನೂ ತೆಗೆದು ಮತ್ತೆ ಹಾಕಬೇಕಾಯಿತು. ಯುಗಾದಿಗೆ ಅಂತ ಸೈಟಿನಲ್ಲಿ ಬೆಲೆ ಇಳಿಸಿ ಪಟ್ಟಿಯಲ್ಲಿ ಇಳಿಸುವುದನ್ನು ಮರೆತೆವು. ಸರಿ ಮಾಡುವವರೆಗೆ ಹನ್ನೊಂದು ಸೀರೆ ಕಾಣಲೇ ಇಲ್ಲ. ಕಾರ್ಖಾನೆಯ ಸಾಮಾನಿಗೆ ಬಾರ್‌ಕೋಡ್ ನಂಬರ್ ಕೇಳುತ್ತಾರೆ, ಮಗ್ಗದ ಸೀರೆಗೆ ಅದು ಎಲ್ಲಿಂದ ಬರಬೇಕು? ಅಂಥ ಸಾಮಾನಿಗೆ 'ನಂಬರ್ ಇಲ್ಲ' ಅಂತ ತಿಳಿಸುವ ಅವಕಾಶ ಪಟ್ಟಿಯಲ್ಲೇ ಇದೆ. ಅದು ಗೊತ್ತಾಗಲು ನಮಗೆ ಒಂದು ವಾರ ಬೇಕಾಯಿತು. ಕೈಕೆಲಸದ ಸಾಮಾನು ಮಾರುವವರು ಇದನ್ನು ಮೊದಲೇ ತಿಳಿದುಕೊಂಡಿರಿ.

ಇನ್ನು ದುಡ್ಡಿನ ಜಾಹೀರಾತು. ಅದೂ ಅದೇ ಚೌಕ, ಆದರೆ ಮೇಲಿನ ಸಾಲಿನಲ್ಲಿ 'ಪ್ರಾಯೋಜಿತ' ಅನ್ನುವ ಗುರುತಿನ ಜೊತೆ ಬರುತ್ತದೆ. ಯಾರಾದರೂ ಒತ್ತಿದಾಗ ಮಾತ್ರ ದುಡ್ಡು ಹೋಗುತ್ತದೆ. ನಾವು ದಿನಕ್ಕೆ 250 ರೂಪಾಯಿಯಂತೆ ಆರು ವಾರ ನಡೆಸಿದೆವು. ಇದರಲ್ಲಿ ನನಗೆ ಗೊತ್ತಿರದ ಒಂದು ಸಂಗತಿ ಇತ್ತು. ಸಾಮಾನ್ಯ ಸರ್ಚ್ ಜಾಹೀರಾತಿನಲ್ಲಿ ಯಾವ ಪದಕ್ಕೆ ಕಾಣಬೇಕು ಅಂತ ನಾವು ಹೇಳಬಹುದು. ಶಾಪಿಂಗ್ ಜಾಹೀರಾತಿನಲ್ಲಿ ಹಾಗಿಲ್ಲ. ನಾವು ಕೊಟ್ಟ ಶೀರ್ಷಿಕೆ, ವಿವರಣೆ ಓದಿ ಯಾರಿಗೆ ತೋರಿಸಬೇಕು ಅಂತ ಎಂಜಿನ್ನೇ ತೀರ್ಮಾನಿಸುತ್ತದೆ. ಬೇಡದ ಪದ ಇವು ಅಂತ ಹೇಳುವುದಷ್ಟೇ ನಮ್ಮ ಕೈಲಿರುವುದು.

ನಮ್ಮ ಶೀರ್ಷಿಕೆ ಏನಿತ್ತು ಗೊತ್ತಾ? 'ಹಸಿರು ಕಾಟನ್ ಸಿಲ್ಕ್ ಸೀರೆ, ಕೆಂಪು ಸೆರಗು'. ಎರಡು ವಾರದ ಮೇಲೆ ಜನ ಏನು ಹುಡುಕಿ ಬಂದಿದ್ದಾರೆ ಅಂತ ತೆಗೆದು ನೋಡಿದೆ. '500 ರೂಪಾಯಿ ಒಳಗಿನ ಕಾಟನ್ ಸೀರೆ.' 'ಆಫೀಸಿಗೆ ಉಡುವ ಹಸಿರು ಸೀರೆ.' ಪಾಪ, ಅವರಿಗೂ ನಮ್ಮದು ಬೇಡ, ನಮಗೂ ಅವರ ಕ್ಲಿಕ್ಕಿನಿಂದ ಲಾಭ ಇಲ್ಲ. ತಪ್ಪು ಶೀರ್ಷಿಕೆಯದು. ಅಂದರೆ ನಮ್ಮದೇ. ಬಣ್ಣ ಹೇಳಿದ್ದೆವು, ಸೀರೆ ಯಾವುದು ಅಂತ ಹೇಳಿರಲಿಲ್ಲ.

ಆ ರಾತ್ರಿ ಅತ್ತಿಗೆ ಒಂದು ಸೀರೆಯನ್ನು ನೆಲದ ಮೇಲೆ ಹಾಸಿ, ಸೆರಗು ಶುರುವಾಗುವ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಉದ್ದಕ್ಕೆ ಬರುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಹತ್ತಿರದಿಂದ ನೋಡಿದರೆ ಆ ಗೆರೆಯ ಮೇಲೆ ಸಣ್ಣ ಸಣ್ಣ ಕುಣಿಕೆಗಳು ಸಾಲಾಗಿ ಕಾಣುತ್ತವೆ. ಬೆರಳು ಆಡಿಸಿದರೆ ಹರಳು ಹರಳಾಗಿ ಸಿಗುತ್ತವೆ. ಆಮೇಲೆ ಕೆಂಪು ರೇಷ್ಮೆಯ ಮೇಲೆ ಬಿಳಿ ಬಿಳಿ ಗೋಪುರದ ಹಾಗಿರುವ ಟೋಪ್ ತೆನಿ ಸೆರಗು. ಪವರ್‌ಲೂಮ್ ಸೀರೆಯಲ್ಲಿ ಬಣ್ಣವೂ ವಿನ್ಯಾಸವೂ ಇರುತ್ತವೆ, ಈ ಕೊಂಡಿಯ ಗೆರೆ ಇರುವುದಿಲ್ಲ. "ಇದನ್ನ ಬಿಟ್ಟು ಬರೀ ಬಣ್ಣದ ಫೋಟೊ ಹಾಕಿದ್ರೆ ಮಂದಿಗೆ ಏನ್ ತಿಳೀತದ?" ಅಂದರು. ನನಗೆ ಮಾತೇ ಬರಲಿಲ್ಲ.

ಮರುದಿನದಿಂದ ಫೋಟೊ ಬದಲಾಯಿಸಿದೆವು. ಮೊದಲ ಫೋಟೊದಲ್ಲಿ ಒಡಲು ಮತ್ತು ಸೆರಗು ಸೇರುವ ಜಾಗ ಎದ್ದು ಕಾಣುವ ಹಾಗೆ ಸೀರೆ ಮಡಚಿಟ್ಟೆವು. ಎರಡನೆಯದು ಕೊಂಡಿಯದೇ ಕ್ಲೋಸಪ್. ಶೀರ್ಷಿಕೆಗೆ 150 ಅಕ್ಷರ ಬರೆಯಬಹುದು, ಆದರೆ ಕಣ್ಣಿಗೆ ಬೀಳುವುದು ಮೊದಲ 70ರಷ್ಟು ಮಾತ್ರ. ಹಾಗಾಗಿ 'ಕೈಮಗ್ಗದ ಇಳಕಲ್ ಸೀರೆ, ಟೋಪ್ ತೆನಿ ಸೆರಗು' ಅನ್ನುವುದನ್ನು ಮುಂದೆ ತಂದು, ಬಣ್ಣವನ್ನು ಹಿಂದೆ ಹಾಕಿದೆವು. ದಡಿಯ ಹೆಸರನ್ನೂ ಸೇರಿಸಿದೆವು. ಚಿಕ್ಕಿ ಪರಾಸ್, ಗೋಮಿ, ಗಾಡಿ ಅಂತ ಗೊತ್ತಿದ್ದು ಹುಡುಕುವವರು ಇದ್ದಾರೆ. ಅವರು ಬೆಲೆ ನೋಡಿ ಓಡಿ ಹೋಗುವವರಲ್ಲ.

ಆಮೇಲೆ ಪುಕ್ಕಟೆ ಲಿಸ್ಟಿಂಗ್, ಜಾಹೀರಾತು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಸಾಧ್ಯವಾಯಿತು. ಹೊಸ ಶೀರ್ಷಿಕೆ, ಹೊಸ ಫೋಟೊ ಎರಡಕ್ಕೂ ಒಂದೇ. ಜಾಹೀರಾತಿನಿಂದ ಜನ ಜಾಸ್ತಿ ಬಂದರು, ಬೇಗ ಬಂದರು. ಪುಕ್ಕಟೆ ಲಿಸ್ಟಿಂಗ್‌ನಿಂದ ಕಡಿಮೆ ಜನ ಬಂದರು, ಆದರೆ ಬಂದವರು ಹೆಚ್ಚು ಹೊತ್ತು ನೋಡಿದರು, ಫೋನ್ ಮಾಡಿ ಕೇಳಿದರು. ಉಳಿದ ನಾಲ್ಕು ವಾರದಲ್ಲಿ ಜಾಹೀರಾತಿಗೆ 7,000 ರೂಪಾಯಿ ಹೋಯಿತು, ಅದರಿಂದ ಐದು ಸೀರೆ ಹೋದವು. ಒಂದು ಸೀರೆಗೆ 1,400 ರೂಪಾಯಿ ಜಾಹೀರಾತಿನ ಖರ್ಚು. ನೇಕಾರರಿಗೆ ಕೊಟ್ಟು, ಪ್ಯಾಕಿಂಗ್, ಕೊರಿಯರ್ ಕಳೆದರೆ ನಮಗೆ ಉಳಿಯುವುದು ಅದಕ್ಕಿಂತ ಕಡಿಮೆ. ಅದೇ ಹೊತ್ತಿನಲ್ಲಿ ಪುಕ್ಕಟೆ ಲಿಸ್ಟಿಂಗ್‌ನಿಂದ ಮೂರು ಹೋದವು. ಸಂಖ್ಯೆ ಚಿಕ್ಕದು, ಆದರೆ ಆ ಮೂರರ ಲಾಭ ಪೂರ್ತಿ ಮನೆಗೆ ಬಂತು.

ಜಾಹೀರಾತು ಬೇಡವೇ ಬೇಡ ಅನ್ನುತ್ತಿಲ್ಲ. ದೀಪಾವಳಿಗೆ ಎರಡು ವಾರ ಮುಂಚೆ, ಮದುವೆ ಸೀಸನ್ನಿನಲ್ಲಿ, ತುಟ್ಟಿ ಸೀರೆಗಳಿಗೆ ಮಾತ್ರ ಹಾಕಿದರೆ ಲೆಕ್ಕ ಸರಿಹೋಗುತ್ತದೆ. 9,000 ರೂಪಾಯಿಯ ಕಸೂತಿ ಹಾಕಿದ ಸೀರೆಗೆ 1,400 ತಾಳಿಕೊಳ್ಳಬಹುದು. ವರ್ಷಪೂರ್ತಿ ಎಲ್ಲದಕ್ಕೂ ಹಾಕುವಷ್ಟು ಶಕ್ತಿ ಚಿಕ್ಕ ಅಂಗಡಿಗೆ ಇಲ್ಲ.

ಈ ಚೌಕಗಳಿಗೆ ಎಷ್ಟು ಶಕ್ತಿ ಇದೆ ಅಂತ ತಿಳಿಯಲು ಯುರೋಪಿನ ಮೊಕದ್ದಮೆ ನೋಡಿದರೆ ಸಾಕು. ಸರ್ಚ್ ಪುಟದಲ್ಲಿ ತನ್ನದೇ ಶಾಪಿಂಗ್ ಸೇವೆಗೆ ಮೇಲಿನ ಜಾಗ ಕೊಟ್ಟು, ಬೆಲೆ ಹೋಲಿಸುವ ಬೇರೆ ಸೈಟುಗಳನ್ನು ಕೆಳಕ್ಕೆ ತಳ್ಳಿತು ಅಂತ ಯುರೋಪಿಯನ್ ಕಮಿಷನ್ 2017ರಲ್ಲಿ ಗೂಗಲ್‌ಗೆ 242 ಕೋಟಿ ಯೂರೊ ದಂಡ ಹಾಕಿತು. 2024ರಲ್ಲಿ ಅಲ್ಲಿಯ ಅತಿ ದೊಡ್ಡ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಪುಟದಲ್ಲಿ ನಾಲ್ಕು ಬೆರಳು ಮೇಲೆ ಅಥವಾ ಕೆಳಗೆ ಅನ್ನುವುದು ಅಷ್ಟು ದೊಡ್ಡ ವಿಷಯ.

ಮೂರನೆಯದು ಮ್ಯಾಪ್. ಅಂದರೆ ಗೂಗಲ್ ಮ್ಯಾಪಿನಲ್ಲೂ ಸರ್ಚಿನಲ್ಲೂ ಅಂಗಡಿಯ ವಿಳಾಸ, ಫೋಟೊ ತೋರಿಸುವ ಬಿಸಿನೆಸ್ ಪ್ರೊಫೈಲ್. ಬರೀ ಆನ್‌ಲೈನ್ ಮಾರುವವರಿಗೆ ಇದು ಸಿಗುವುದಿಲ್ಲ, ಗ್ರಾಹಕರು ಎದುರಿಗೆ ಸಿಗುವ ವ್ಯಾಪಾರ ಇರಬೇಕು. ನಮಗೆ ಮುಂದಿನ ಕೋಣೆ ಇತ್ತಲ್ಲ, ಅದು ಉಪಯೋಗಕ್ಕೆ ಬಂತು. ಬೀದಿ, ಬೋರ್ಡು, ಬೀಗ ತೆಗೆಯುವುದು, ಒಳಗಿನ ಕಪಾಟು ಎಲ್ಲ ಕಾಣುವ ಹಾಗೆ ಒಂದು ವಿಡಿಯೊ ಮಾಡಿ ಕಳಿಸಿದೆವು, ಖಾತೆ ಪಕ್ಕಾ ಆಯಿತು. ಖರ್ಚು ಸೊನ್ನೆ.

ಆನ್‌ಲೈನ್ ವ್ಯಾಪಾರಕ್ಕೆ ಮ್ಯಾಪ್ ಯಾಕೆ ಅಂತ ನನಗೂ ಮೊದಲು ಅನ್ನಿಸಿತ್ತು. ಆದರೆ ದೂರದ ಊರಿನವರೂ ಕೊಳ್ಳುವ ಮುಂಚೆ ಅಂಗಡಿಯ ಹೆಸರು ಹಾಕಿ ಹುಡುಕುತ್ತಾರೆ. ಆಗ ಬಲಗಡೆ ವಿಳಾಸ, ಫೋಟೊ, ಜನ ಬರೆದ ಅಭಿಪ್ರಾಯ ಕಂಡರೆ ಧೈರ್ಯ ಬರುತ್ತದೆ. ಬೆಂಗಳೂರಿನ ಒಬ್ಬರು 6,500 ರೂಪಾಯಿ ಸೀರೆ ತೆಗೆದುಕೊಂಡ ಮೇಲೆ ಹೇಳಿದರು: "ನಿಮ್ಮ ಅಂಗಡಿ ಮುಂದಿನ ತುಳಸಿ ಕಟ್ಟೆ ನೋಡ್ದೆ ರೀ. ನಿಜವಾದ ಮನೆ ಅಂತ ಗೊತ್ತಾಯ್ತು, ದುಡ್ಡು ಹಾಕ್ದೆ." ಯಾವ ಜಾಹೀರಾತೂ ಕೊಡದ ನಂಬಿಕೆ ಅದು. ಮ್ಯಾಪ್ ಹೊಸ ಗ್ರಾಹಕರನ್ನು ಕರೆತಂದದ್ದು ಕಡಿಮೆ. ಅರ್ಧ ಮನಸ್ಸಿನಲ್ಲಿ ಇದ್ದವರನ್ನು ಕೊಳ್ಳುವ ಹಾಗೆ ಮಾಡಿದ್ದು ಜಾಸ್ತಿ.

ಇನ್ನೊಂದು ದಾರಿ, ಸುಮ್ನೆ ಒಳ್ಳೆಯ ಪುಟ ಬರೆದು ಹುಡುಕಾಟದಲ್ಲಿ ಮೇಲೆ ಬರುವುದು. 'ಅಸಲಿ ಇಳಕಲ್ ಸೀರೆ ಗುರುತಿಸುವುದು ಹೇಗೆ' ಅಂತ ನಮ್ಮ ಸೈಟಿನಲ್ಲಿ ಒಂದು ಪುಟ ಇದೆ, ಅತ್ತಿಗೆ ಹೇಳಿದ್ದನ್ನು ನಾನು ಬರೆದದ್ದು. ಮೊದಲು ತಿಂಗಳು ತಿಂಗಳು ಅದರಿಂದ ಜನ ಬರುತ್ತಿದ್ದರು. ಸರ್ಚ್ ಪುಟಗಳ ತಲೆಯ ಮೇಲೆ ಎಐ ಉತ್ತರ ಬರಲು ಶುರುವಾದ ಮೇಲೆ ಪುಟ ಕಂಡ ಲೆಕ್ಕ ಹಾಗೇ ಇದೆ, ಒತ್ತಿ ಒಳಗೆ ಬಂದವರ ಲೆಕ್ಕ ಅರ್ಧಕ್ಕೆ ಇಳಿದಿದೆ. ಕೊಂಡಿ ನೋಡಬೇಕು ಅನ್ನುವ ಮಾತು ಮೇಲೆಯೇ ಸಿಕ್ಕಿಬಿಟ್ಟರೆ ಕೆಳಗೆ ಯಾಕೆ ಬರುತ್ತಾರೆ, ಅಲ್ವಾ? ನನಗೆ ಇದು ನೋವಿನ ವಿಷಯ. ಆ ಪುಟದಲ್ಲಿರುವುದು ಒಂದು ಓಣಿಯ ಜನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ತಿಳಿವಳಿಕೆ. ಅದನ್ನು ಓದಿದವರು ಆ ಓಣಿಯ ಸೀರೆಯ ತನಕ ಬರಬೇಕು ಅನ್ನುವುದು ನನ್ನ ಆಸೆ. ಆದರೂ ಪುಟ ತೆಗೆದಿಲ್ಲ. ಫೋನ್ ಮಾಡಿದವರಿಗೆ ಅದರ ಲಿಂಕ್ ವಾಟ್ಸಾಪಿನಲ್ಲಿ ಕಳಿಸುತ್ತೇವೆ, ಆಗ ಓದುತ್ತಾರೆ.

ಗೂಗಲ್ ಲೆನ್ಸ್ ಬಗ್ಗೆ ಎರಡು ಮಾತು. ಅಜ್ಜಿಯ ಹಳೇ ಸೀರೆಯ ಫೋಟೊ ಹಾಕಿ ಹುಡುಕುವವರು ಈಗ ಇದ್ದಾರೆ. ನಮ್ಮ ಕ್ಲೋಸಪ್ ಫೋಟೊಗಳು ಅಲ್ಲಿ ಕೈಹಿಡಿದಿವೆ. ಅದಕ್ಕೆ ಬೇರೆ ಕೆಲಸ ಏನೂ ಬೇಡ, ಫೋಟೊ ಚೆನ್ನಾಗಿದ್ದರೆ ಸಾಕು.

ಹಾಗಾದರೆ ನಾನು ಯಾವುದನ್ನು ಆರಿಸುತ್ತೇನೆ? ಕೈಕೆಲಸದ ಸಾಮಾನು ಮಾರುವವರಿಗೆ ಪುಕ್ಕಟೆ ಲಿಸ್ಟಿಂಗ್ ಮೊದಲು, ಅದರ ಜೊತೆಜೊತೆಗೇ ಮ್ಯಾಪ್. ಜಾಹೀರಾತು ಹಬ್ಬಕ್ಕೆ ಮಾತ್ರ. ಒಂದೇ ಥರದ ಕಾರ್ಖಾನೆ ಸಾಮಾನನ್ನು ನೂರಾರು ಲೆಕ್ಕದಲ್ಲಿ ಮಾರುವವರಿಗೆ ಇದು ತಿರುಗುಮುರುಗು ಇರಬಹುದು. ಅವರಿಗೆ ಬೆಲೆಯೇ ಬಲ, ಚೌಕದಲ್ಲಿ ಬೆಲೆ ಚೆನ್ನಾಗಿ ಕಾಣುತ್ತದೆ. ನಮ್ಮ ಬಲ ಕೊಂಡಿಯಲ್ಲಿದೆ. ಅದನ್ನು ಚೌಕದೊಳಗೆ ಕಾಣಿಸುವುದೇ ನಮ್ಮ ಕೆಲಸ.

ಒಂದು ಪದದ ವಿಷಯ ಹೇಳದೆ ಮುಗಿಸಲಾರೆ. ಶ್ರಾವಣದಲ್ಲಿ ಸೊಲ್ಲಾಪುರದಿಂದ ಒಬ್ಬರು ಫೋನ್ ಮಾಡಿದರು. ವಯಸ್ಸಾದವರು, ಮನೆಮಾತು ಕನ್ನಡ. "ಅಕ್ಕಾರ, ನಿಮ್ಮಲ್ಲಿ ಇರಕಲ್ ಒಂಬತ್ತು ಗಜದ್ದು ಐತೇನ್ರಿ? ಎಷ್ಟ ಹುಡಕಿದ್ರೂ ನಿಮ್ಮ ಅಂಗಡಿ ಸಿಗಲಿಲ್ಲ, ನಮ್ಮ ಮೊಮ್ಮಗಳು ಇಳಕಲ್ ಅಂತ ಹಾಕಿದ ಮ್ಯಾಲ ಸಿಕ್ತು." ಮಹಾರಾಷ್ಟ್ರದಲ್ಲಿ ಇದೇ ಸೀರೆಗೆ ಇರಕಲ್ ಅನ್ನುತ್ತಾರೆ. ಅಲ್ಲಿ ಅದನ್ನು ಉಡುವವರು ಎಷ್ಟೊಂದು ಜನ! ನಮ್ಮ ಒಂದು ಶೀರ್ಷಿಕೆಯಲ್ಲೂ ಆ ಪದ ಇರಲಿಲ್ಲ. ಅವತ್ತೇ ಸಂಜೆ ಎಲ್ಲ ಸೀರೆಗಳ ವಿವರಣೆಗೂ ಅದನ್ನು ಸೇರಿಸಿದೆ. ಒಂಬತ್ತು ಗಜದವಕ್ಕೆ ಶೀರ್ಷಿಕೆಯಲ್ಲೇ 'ಇರಕಲ್ ನೌವಾರಿ' ಅಂತ ಹಾಕಿದೆ. ಮುಂದಿನ ತಿಂಗಳು ಪುಕ್ಕಟೆ ಲಿಸ್ಟಿಂಗ್‌ನಿಂದ ಹೋದ ಏಳು ಸೀರೆಗಳಲ್ಲಿ ನಾಲ್ಕು ಸೊಲ್ಲಾಪುರ, ಸಾಂಗ್ಲಿ, ಪುಣೆಗೆ ಹೋದವು.

ಆ ಅಮ್ಮನಿಗೆ ಸೀರೆ ಕಳಿಸುವ ಮುಂಚೆ ವಿಡಿಯೊ ಕಾಲ್ ಮಾಡಿದ್ದೆವು. ಅವರು ಬೆಲೆ ಕೇಳಲಿಲ್ಲ, ಬಣ್ಣ ಕೇಳಲಿಲ್ಲ. "ಮೊದಲ ಕೊಂಡಿ ತೋರಸ್ರಿ" ಅಂದರು. ಅತ್ತಿಗೆ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಗೆರೆಯ ಉದ್ದಕ್ಕೂ ಫೋನನ್ನು ನಿಧಾನವಾಗಿ ಸರಿಸಿದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ "ಹೌದ್ರಿ, ಇದ ಇದ" ಅಂದರು.