ಬ್ಲೇಡ್ಸ್ ಇನ್ ದ ಡಾರ್ಕ್: ಮೂರು ವರ್ಷ ಆಡಿದ ಮೇಲೆ ಅದರ ಚಟದ ನಿಯಮದ ಬಗ್ಗೆ

ಬ್ಲೇಡ್ಸ್ ಇನ್ ದ ಡಾರ್ಕ್ ಅಂದರೆ ಟೇಬಲ್ ಸುತ್ತ ಕೂತು, ಒಬ್ಬೊಬ್ಬರೂ ಒಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ. ಅದರ ನಿಯಮಗಳ ಪುಸ್ತಕ ತಗೊಂಡು ಮೂರು ವರ್ಷ ಆಯಿತು. ಎರಡು ವಾರಕ್ಕೊಂದು ಭಾನುವಾರ ನಾವು ಐದು ಜನ ಸೇರಿ ಆಡುತ್ತೇವೆ. ಆಟ ಡಾಸ್ಕ್‌ವಾಲ್ ಎಂಬ ಕತ್ತಲೆಯ ಊರಿನ ಕಳ್ಳರದ್ದು. ಕಳ್ಳತನದ ಭಾಗ ಚೆನ್ನಾಗಿದೆ, ಅದನ್ನು ಯಾರು ಬೇಕಾದರೂ ಹೇಳುತ್ತಾರೆ. ನನ್ನನ್ನು ಹಿಡಿದಿಟ್ಟಿದ್ದು ಬೇರೆ ವಿಷಯ. ಇದರಲ್ಲಿ ಪ್ರತಿ ಪಾತ್ರಕ್ಕೂ ಒಂದು ಚಟ ಇರಲೇಬೇಕು.

ಮೊದಲು ನಾವು ಗರ್ಪ್ಸ್ ಎಂಬ ಇಂಥದೇ ಇನ್ನೊಂದು ಆಟ ಆಡುತ್ತಿದ್ದೆವು, 2004ರ ನಾಲ್ಕನೇ ಆವೃತ್ತಿ. ಅಲ್ಲಿ ಚಟ ಅಂದರೆ ಒಂದು ಕೊರತೆ. ಪಾತ್ರ ಕಟ್ಟುವಾಗ ಅದನ್ನು ಒಪ್ಪಿಕೊಂಡರೆ ಬೇರೆ ಕಡೆ ಖರ್ಚು ಮಾಡಲು ಪಾಯಿಂಟ್ ಸಿಗುತ್ತದೆ. ವಸ್ತು ಎಷ್ಟು ದುಬಾರಿ, ಎಷ್ಟು ಬೇಗ ಅಂಟಿಕೊಳ್ಳುತ್ತದೆ, ಕಾನೂನು ಬಿಡುತ್ತದೆಯೋ ಇಲ್ಲವೋ, ಎಲ್ಲಕ್ಕೂ ಲೆಕ್ಕ ಇದೆ. ಆದರೆ ನಮ್ಮ ಟೇಬಲಿನಲ್ಲಿ ಪಾಯಿಂಟ್ ಕೈಗೆ ಬಂದ ಮೇಲೆ ಚಟ ಯಾರಿಗೂ ನೆನಪಿರುತ್ತಿರಲಿಲ್ಲ. ಗೇಮ್ ಮಾಸ್ಟರ್, ಅಂದರೆ ಆಟ ನಡೆಸುವವರು, ನೆನಪಿಸಿದರೆ ಶಿಕ್ಷೆ ಕೊಟ್ಟ ಹಾಗೆ ಆಗುತ್ತಿತ್ತು.

ಬ್ಲೇಡ್ಸ್‌ನಲ್ಲಿ ಚಟವೇ ಔಷಧಿ. ಪ್ರತಿ ಪಾತ್ರಕ್ಕೂ ಸ್ಟ್ರೆಸ್‌ನ, ಅಂದರೆ ಒತ್ತಡದ ಲೆಕ್ಕ ಇಡುವ, 9 ಮನೆಗಳಿವೆ. ಜಾಸ್ತಿ ಶ್ರಮ ಹಾಕಿದರೆ 2 ಮನೆ ತುಂಬುತ್ತವೆ, ಪೆಟ್ಟು ತಪ್ಪಿಸಿಕೊಂಡರೆ ಇನ್ನಷ್ಟು. ಪೂರ್ತಿ ತುಂಬಿದರೆ ಒಂದು ಟ್ರಾಮಾ, ಅಂದರೆ ಮನಸ್ಸಿಗೆ ಮಾಯದ ಗಾಯ. ನಾಲ್ಕು ಗಾಯ ಆದರೆ ಆ ಪಾತ್ರದ ಕಥೆ ಮುಗಿಯಿತು. ಈ ಸ್ಟ್ರೆಸ್ ಇಳಿಸುವ ಮಾಮೂಲಿ ದಾರಿ ಚಟ. ಒಂದು ಕಳ್ಳತನ ಮುಗಿದ ಮೇಲೆ ಬಿಡುವಿನಲ್ಲಿ ಎರಡು ಕೆಲಸ ಮಾಡಬಹುದು. ಅದರಲ್ಲಿ ಒಂದು ಚಟಕ್ಕೇ ಹೋಗುತ್ತದೆ. ದಾಳ ಹಾಕಬೇಕು, ಬಂದ ದೊಡ್ಡ ಸಂಖ್ಯೆಯಷ್ಟು ಸ್ಟ್ರೆಸ್ ಇಳಿಯುತ್ತದೆ. ಇರುವುದಕ್ಕಿಂತ ಜಾಸ್ತಿ ಬಂದರೆ ಅತಿಯಾಯಿತು ಅಂತ ಅರ್ಥ. ಆಗ ತೊಂದರೆ ಮೈಮೇಲೆ ಬರುತ್ತದೆ, ಅಥವಾ ವಸ್ತು ಕೊಡುವವನು ಬಾಗಿಲು ಹಾಕುತ್ತಾನೆ, ಅಥವಾ ಪಾತ್ರ ಕೆಲವು ವಾರ ಕಾಣೆಯಾಗುತ್ತದೆ.

ಚಟದ ಕಡೆ ಹೋಗದೇ ಇದ್ದರೆ? ಎಷ್ಟು ಗಾಯಗಳಿವೆಯೋ ಅಷ್ಟು ಸ್ಟ್ರೆಸ್ ಏರುತ್ತದೆ. ಒಂದೇ ಸಾಲಿನ ನಿಯಮ. ಇದನ್ನು ಬರೆದ ಜಾನ್ ಹಾರ್ಪರ್ ಬಗ್ಗೆ ನನಗೆ ಗೌರವ ಬಂದಿದ್ದು ಈ ಸಾಲಿನಿಂದ. ಹೊಸ ಪಾತ್ರಕ್ಕೆ ಗಾಯವೇ ಇಲ್ಲ, ಚಟ ಬಿಟ್ಟರೂ ಏನೂ ಆಗುವುದಿಲ್ಲ. ಗಾಯ ಹೆಚ್ಚಾದ ಹಾಗೆ ಬಿಡುವುದು ಕಷ್ಟವಾಗುತ್ತಾ ಹೋಗುತ್ತದೆ.

ನನ್ನ ಪಾತ್ರ ಒಬ್ಬ ಜೂಜುಗಾರ್ತಿ. ಎರಡನೇ ವರ್ಷ ಅವಳಿಗೆ ಎರಡು ಗಾಯ ಆಗಿದ್ದವು, ಸ್ಟ್ರೆಸ್ ಬರೀ 1. ಮನೆಯಲ್ಲೇ ಇದ್ದರೆ ಅದು 3 ಆಗುತ್ತದೆ. ಜೂಜಿಗೆ ಹೋದರೆ ದಾಳದಲ್ಲಿ 2 ಬಂದರೂ ಅತಿಯಾಗುತ್ತದೆ. ಎರಡೂ ನಷ್ಟ ಅಂತ ಗೊತ್ತಿದ್ದೂ ಕಳಿಸಿದೆ. 5 ಬಿತ್ತು. ಅವಳು ಕಾಣೆಯಾದಳು, ಎರಡು ಸೆಷನ್ ನಾನು ಬೇರೆ ಪಾತ್ರ ಆಡಿದೆ. ಕಳಿಸಬೇಕಾಗಿರಲಿಲ್ಲ ಅಲ್ವಾ ಅಂತ ಅವತ್ತು ರಾತ್ರಿ ತುಂಬಾ ಹೊತ್ತು ಯೋಚಿಸಿದೆ. ಗರ್ಪ್ಸ್‌ನಲ್ಲಿ ನನಗೆ ಒಂದು ಸಲವೂ ಹಾಗೆ ಆಗಿರಲಿಲ್ಲ.

ನಾವು ಆಡುವುದು ಕನ್ನಡದಲ್ಲಿ, ಹಾಗಾಗಿ ಒಂದು ಮಾತು. ಪುಸ್ತಕದಲ್ಲಿರುವ ಏಳು ಬಗೆಯ ಚಟಗಳಲ್ಲಿ ಜೂಜು, ಅಮಲು ಇವೆ. ಜೊತೆಗೆ ದೇವರ ಮೇಲಿನ ನಂಬಿಕೆ, ಮನೆಯವರ ಜವಾಬ್ದಾರಿಯೂ ಇವೆ. ತಂಗಿಯ ಮನೆ ನಡೆಸುವುದನ್ನು ಚಟ ಅನ್ನೋಕೆ ಬಾಯಿ ಬರುವುದಿಲ್ಲ. ನಾವು ಈಗ ಎಲ್ಲಕ್ಕೂ ಸೇರಿಸಿ ‘ಸೆಳೆತ’ ಅನ್ನುತ್ತೇವೆ.

ಬಿಡುವ ದಾರಿಯನ್ನು ಮಾತ್ರ ನಾವೇ ಕಟ್ಟಿಕೊಂಡೆವು. ಕೆಲಸ ಎಷ್ಟು ಮುಂದೆ ಹೋಯಿತು ಅಂತ ತೋರಿಸಲು ಪುಸ್ತಕದಲ್ಲಿ ಗಡಿಯಾರ ಅಂತ ಒಂದು ವೃತ್ತ ಇದೆ, ಅದನ್ನು ಭಾಗ ಭಾಗವಾಗಿ ತುಂಬುತ್ತಾ ಹೋಗಬೇಕು. ಅದನ್ನೇ ತಗೊಂಡು 8 ಭಾಗ ಮಾಡಿದೆವು. ಸೆಳೆತದಿಂದ ದೂರ ಉಳಿದ ಪ್ರತಿ ಬಿಡುವಿಗೆ ಒಂದು ಭಾಗ ತುಂಬುತ್ತದೆ. ಒಂದು ಸಲ ಜಾರಿದರೆ ಗಡಿಯಾರ ಪೂರ್ತಿ ಖಾಲಿ ಅಂತ ನಾನು ಬರೆದಿದ್ದೆ. ಅದನ್ನು ಓದಿದ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ಹಾಗಲ್ಲ ಕಣೋ. ಅಪ್ಪ ಏಳು ತಿಂಗಳು ಕುಡಿತ ಬಿಟ್ಟಿದ್ರು. ಮತ್ತೆ ಕುಡಿದ್ರು ಅಂತ ಆ ಏಳು ತಿಂಗಳು ಇರ್ಲೇ ಇಲ್ಲ ಅನ್ನೋಕಾಗುತ್ತಾ?”

ನಾನು ಆ ಸಾಲು ಹೊಡೆದುಹಾಕಿದೆ. ಗರ್ಪ್ಸ್ ಈ ವಿಷಯದಲ್ಲಿ ನನಗಿಂತ ಚೆನ್ನಾಗಿ ಯೋಚಿಸಿದೆ. ಚಟ ಬಿಡಲು 14 ಸಲ ದಾಳ ಗೆಲ್ಲಬೇಕು, ಆದರೆ ಸತತವಾಗಿ ಗೆಲ್ಲಬೇಕಾಗಿಲ್ಲ. ಈಗ ನಮ್ಮಲ್ಲೂ ತುಂಬಿದ ಭಾಗ ಅಳಿಯುವುದಿಲ್ಲ. ಇನ್ನೊಂದನ್ನು ಅವನೇ ಸೇರಿಸಿದ: ಜೊತೆಗಾರನೊಬ್ಬ ತನ್ನ ಬಿಡುವಿನ ಒಂದು ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂತರೆ, ಆ ಸಲದ ಸ್ಟ್ರೆಸ್ ಏರುವುದಿಲ್ಲ.

ತಗೊಳ್ಳುವವರಿಗೆ ಒಂದು ಮಾತು. ಆಟ ಶುರು ಮಾಡುವ ಮೊದಲೇ ಯಾರ ಮನೆಯಲ್ಲಿ ಏನಾಗಿದೆ, ಯಾವುದನ್ನು ಮುಟ್ಟಬಾರದು ಅಂತ ಕೇಳಿ. ನಾವು ತಡವಾಗಿ ಕೇಳಿದೆವು. ಈಗ ಟೇಬಲಿನ ಮಧ್ಯೆ ಎಕ್ಸ್ ಬರೆದ ಕಾರ್ಡ್ ಇಟ್ಟಿರುತ್ತೇವೆ. ಯಾರಾದರೂ ಮುಟ್ಟಿದರೆ ಆ ದೃಶ್ಯ ಅಲ್ಲಿಗೇ ನಿಲ್ಲುತ್ತದೆ, ಕಾರಣ ಕೇಳುವುದಿಲ್ಲ. ಮೂಲ ನಿಯಮಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ, ಮೊದಲು ಅವನ್ನು ಓದಿ ನೋಡಬಹುದು. ನನ್ನ ಪ್ರತಿಯ ಬೈಂಡಿಂಗ್ ಇನ್ನೂ ಗಟ್ಟಿಯಾಗಿದೆ.

ಜೂಜುಗಾರ್ತಿಯ ಗಡಿಯಾರದಲ್ಲಿ ಈಗ 5 ಭಾಗ ತುಂಬಿವೆ. ಮುಂದಿನ ಭಾನುವಾರ ಅವಳ ಪಕ್ಕದಲ್ಲಿ ತಾನು ಕೂರುತ್ತೇನೆ ಅಂತ ಅದೇ ಗೆಳೆಯ ಮೆಸೇಜ್ ಮಾಡಿದ್ದಾನೆ.