ಮೂರು ಆಂಪ್‌ಗಳು, ಒಂದು ಟ್ರಾನ್ಸ್‌ಫಾರ್ಮರ್

ಪೀವಿ ಕಂಪನಿಯ 5150ರ ಬಳಗಕ್ಕೆ ಸೇರಿದ ಗಿಟಾರ್ ಆಂಪ್ (ಗಿಟಾರಿನ ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರ್) ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡು ಒಂದೂವರೆ ವರ್ಷವಾಯಿತು. ಅದಕ್ಕೂ ಮೊದಲು ಮಾರ್ಷಲ್ ಜೆಸಿಎಂ800 ಮತ್ತು ಮೆಸಾ ಬೂಗಿ ಡ್ಯುಯಲ್ ರೆಕ್ಟಿಫೈಯರ್‌ಗಳನ್ನು ಗೆಳೆಯರಿಂದ ಎರವಲು ತಂದು, ಬೆಂಗಳೂರಿನ ನಮ್ಮ ಅಭ್ಯಾಸದ ಕೋಣೆಯಲ್ಲಿ ವಾರಗಟ್ಟಲೆ ನುಡಿಸಿದ್ದೆ. ಮೂರಕ್ಕೂ ಗಿಟಾರ್ ಒಂದೇ, ಸ್ಪೀಕರ್ ಕ್ಯಾಬಿನೆಟ್ ಒಂದೇ. ಮತ್ತೆ ಕೊಳ್ಳಬೇಕಾಗಿ ಬಂದರೂ ನಾನು 5150ಯನ್ನೇ ಆರಿಸುತ್ತೇನೆ.

1981ರಲ್ಲಿ ಬಂದ ಜೆಸಿಎಂ800ರ ಮಧ್ಯಸ್ವರದ ಗರ್ಜನೆಗೆ ಸಾಟಿಯಿಲ್ಲ; ಸ್ಲೇಯರ್ ಎಂಬ ಮೆಟಲ್ ತಂಡದ ಗಿಟಾರಿಸ್ಟ್ ಕೆರ್ರಿ ಕಿಂಗ್ ಅದನ್ನು ಬಿಡದೆ ನೆಚ್ಚಿಕೊಂಡದ್ದೇಕೆ ಎಂಬುದು ಮೊದಲ ಪವರ್ ಕಾರ್ಡ್‌ಗೇ (ಎರಡು ಮೂರು ತಂತಿಗಳನ್ನು ಒಟ್ಟಿಗೆ ಮೀಟುವ ಸ್ವರಗುಚ್ಛಕ್ಕೇ) ತಿಳಿಯುತ್ತದೆ. ಆದರೆ ಇಂದಿನ ಮೆಟಲ್ ಸಂಗೀತಕ್ಕೆ ಬೇಕಾದಷ್ಟು ಗೇನ್, ಅಂದರೆ ಸ್ವರವನ್ನು ಒರಟಾಗಿಸುವ ಬಲ, ಅದರೊಳಗಿಲ್ಲ. ಮುಂದೆ ಆ ಬಲ ಹೆಚ್ಚಿಸುವ ಓವರ್‌ಡ್ರೈವ್ ಪೆಡಲ್ ಇಟ್ಟು, ಪವರ್ ವಾಲ್ವ್‌ಗಳು (ಸದ್ದನ್ನು ಹಿಗ್ಗಿಸುವ ಗಾಜಿನ ಕೊಳವೆಗಳು) ದುಡಿಯುವಷ್ಟು ವಾಲ್ಯೂಮ್ ಏರಿಸಿದಾಗಲೇ ಅದಕ್ಕೆ ಜೀವ ಬರುತ್ತದೆ. ನಮ್ಮ ಹತ್ತಡಿ ಅಗಲದ ಕೋಣೆಯಲ್ಲಿ ಅದು ಸಾಧ್ಯವಾಗಲಿಲ್ಲ.

ರೆಕ್ಟಿಫೈಯರ್ 1990ರ ದಶಕದ ಆರಂಭದ್ದು. ಎಸಿ ವಿದ್ಯುತ್ತನ್ನು ಡಿಸಿ ಮಾಡುವ ಕೆಲಸವನ್ನು ವಾಲ್ವ್‌ಗೆ ಒಪ್ಪಿಸಬೇಕೋ ಸಿಲಿಕಾನ್ ಡಯೋಡ್‌ಗೆ ಒಪ್ಪಿಸಬೇಕೋ ಎಂದು ಆರಿಸುವ ಸ್ವಿಚ್ ಹಿಂಬದಿಯಲ್ಲಿದೆ. ಹೆಸರು ಬಂದದ್ದೂ ಅದರಿಂದಲೇ. ವಾಲ್ವ್ ಆರಿಸಿದರೆ ಜೋರಾಗಿ ಮೀಟಿದಾಗ ವೋಲ್ಟೇಜ್ ಒಂದು ಕ್ಷಣ ಕುಸಿಯುವುದರಿಂದ, ಸ್ವರ ತುಸು ಬಾಗಿ ಮೇಲೇಳುತ್ತದೆ. ನಿಧಾನಗತಿಯ ರಿಫ್‌ಗೆ (ಮತ್ತೆ ಮತ್ತೆ ಬರುವ ಸ್ವರದ ತುಣುಕಿಗೆ) ಅದು ಸೊಗಸು. ವೇಗ ಹೆಚ್ಚಿದಂತೆ ಮಾತ್ರ ಅದರ ಕೆಳಸ್ವರ ಹರಡಿಕೊಂಡು ನಮ್ಮ ಬೇಸ್ ಗಿಟಾರನ್ನು ಮುಚ್ಚಿಹಾಕುತ್ತಿತ್ತು.

5150ಯ ಹೆಚ್ಚು ಗೇನ್ ಇರುವ ಲೀಡ್ ಚಾನೆಲ್‌ನಲ್ಲಿ ಅಂಗೈಯ ಅಂಚನ್ನು ತಂತಿಗೆ ಒತ್ತಿ ನುಡಿಸಿದರೆ ಪ್ರತಿಯೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ, ಅದೂ ಕಡಿಮೆ ವಾಲ್ಯೂಮ್‌ನಲ್ಲಿ. 1992ರಲ್ಲಿ ರಾಕ್ ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್‌ಗಾಗಿ ರೂಪುಗೊಂಡ ಈ ಆಂಪನ್ನು ಅವರಿಗಿಂತ ಹೆಚ್ಚಾಗಿ ಮಷೀನ್ ಹೆಡ್‌ನಂಥ ಮೆಟಲ್ ತಂಡಗಳು ತಮ್ಮದಾಗಿಸಿಕೊಂಡವು. ಎಡ್ಡಿಯೊಂದಿಗಿನ ಒಪ್ಪಂದ ಮುಗಿದ ಮೇಲೆ ಪೀವಿ ಅದೇ ಆಂಪಿಗೆ 6505 ಎಂದು ಹೆಸರಿಟ್ಟಿತು. 1965ರಿಂದ 2005ರವರೆಗಿನ ಕಂಪನಿಯ 40 ವರ್ಷಗಳ ಗುರುತು ಅದು. ನನ್ನದು ಆ ಹೆಸರಿನದು. ಇದರ ಕ್ಲೀನ್ ಸ್ವರ, ಅಂದರೆ ಒರಟುತನವಿಲ್ಲದ ಸ್ವರ, ಸಾಧಾರಣ.

ನನ್ನನ್ನು ಕಾಡಿದ್ದು ಸ್ವರವಲ್ಲ, ವಿದ್ಯುತ್ತು. ಮಾರಿದವರು ನಮ್ಮ ಮೂರು ಪಿನ್ನಿನ ಪ್ಲಗ್ ಹಾಕಿಸಿಯೇ ಕೊಟ್ಟಿದ್ದರಿಂದ ನನಗೆ ಅನುಮಾನವೇ ಬರಲಿಲ್ಲ. ಸ್ಪೀಕರ್ ಕೇಬಲ್ ಸಿಕ್ಕಿಸಲು ಹಿಂದಕ್ಕೆ ಬಾಗಿದಾಗ, ಪವರ್ ಕೇಬಲ್ಲಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ 120 ವೋಲ್ಟ್, 60 ಹರ್ಟ್ಸ್ ಎಂದಿರುವುದು ಕಂಡಿತು. ನಮ್ಮ ಗೋಡೆಯಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ಸ್ವಿಚ್ ಹಾಕುವ ಮೊದಲು ಅದನ್ನು ಓದಿದ್ದರಿಂದ ಆಂಪ್ ಉಳಿಯಿತು.

ಅಂಗಡಿಯೊಂದರಿಂದ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆ. ಅದರ ಔಟ್‌ಪುಟ್ ಸಾಕೆಟ್ಟಿಗೆ ಎರಡೇ ರಂಧ್ರಗಳಿದ್ದವು. ಅಂದರೆ ಆಂಪಿನ ಅರ್ಥ್ ಅಲ್ಲಿಗೇ ಕಡಿದುಹೋಗಿತ್ತು. ಗುಂಯ್‌ಗುಡುವ ಸದ್ದನ್ನು ಮೊದಲ ದಿನ ಸಹಿಸಿಕೊಂಡೆ. ಎರಡನೆಯ ದಿನ, ತಂತಿಗಳ ಮೇಲೆ ಕೈಯಿಟ್ಟುಕೊಂಡೇ ಮೈಕ್‌ನಲ್ಲಿ ಹಾಡಲು ಹೋದಾಗ ತುಟಿಗೆ ಶಾಕ್ ಹೊಡೆಯಿತು. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪಿನ ಲೋಹದ ಚಾಸಿಗೆ (ಒಳಚೌಕಟ್ಟಿಗೆ) ಸೇರಿರುತ್ತವೆ. ಚಾಸಿಗೆ ಅರ್ಥ್ ಇಲ್ಲದಿದ್ದರೆ ಸೋರಿದ ವಿದ್ಯುತ್ತಿಗೆ ನುಡಿಸುವವನ ದೇಹವೇ ದಾರಿ. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಕೊನೆಗೆ ಕಾಯಿಲ್ ಸುತ್ತುವವರೊಬ್ಬರಿಂದ 1,000 ವಿಎ (ವೋಲ್ಟ್-ಆಂಪಿಯರ್) ಸಾಮರ್ಥ್ಯದ ಟ್ರಾನ್ಸ್‌ಫಾರ್ಮರ್ ಮಾಡಿಸಿ, ಅರ್ಥ್ ತಂತಿ ಗೋಡೆಯಿಂದ ಆಂಪಿನವರೆಗೆ ಕಡಿಯದೆ ಸಾಗುವಂತೆ ನೋಡಿಕೊಂಡೆ. ಸದ್ದೂ ಹೋಯಿತು, ಶಾಕೂ ಹೋಯಿತು. ಟ್ರಾನ್ಸ್‌ಫಾರ್ಮರ್ 50 ಹರ್ಟ್ಸನ್ನು 60 ಮಾಡುವುದಿಲ್ಲ; 60ಕ್ಕೆಂದು ಮಾಡಿದ ಆಂಪ್ 50ರಲ್ಲಿ ಹೆಚ್ಚು ಬಿಸಿಯಾಗಬಹುದಾದ್ದರಿಂದ, ಗಂಟೆಗೊಮ್ಮೆ ಆಂಪಿನ ಬಿಸಿಯನ್ನು ಕೈಯಿಟ್ಟು ನೋಡುವ ಅಭ್ಯಾಸವಾಗಿದೆ.

ಟ್ರಾನ್ಸ್‌ಫಾರ್ಮರಿನ ಖರ್ಚು ಸೇರಿಸಿಯೂ ನನಗೆ ಸಿಕ್ಕಿದ ಬೆಲೆ ರೆಕ್ಟಿಫೈಯರ್‌ಗಿಂತ ಬಹಳ ಕಡಿಮೆ. ವಾರಕ್ಕೆರಡು ಸಂಜೆ ಸಣ್ಣ ಕೋಣೆಯಲ್ಲಿ ವೇಗದ ರಿಫ್ ನುಡಿಸುವ ನನಗೆ ಇದೇ ಸರಿ. ದೊಡ್ಡ ವೇದಿಕೆಗಳು ಸಿಗುವವರು, ಪೆಡಲ್ ಬಳಸಲು ಹಿಂಜರಿಯದವರು ಮಾರ್ಷಲನ್ನು ಒಮ್ಮೆ ಪೂರ್ತಿ ವಾಲ್ಯೂಮ್‌ನಲ್ಲಿ ಕೇಳಿಯೇ ತೀರ್ಮಾನಿಸಲಿ.